ಕುರ್ಚಿ ಯಾರಪ್ಪಂದು?

ನಮ್ಮವರೊಬ್ಬರು ಗೆದ್ದು ಸಭೆಯ ಒಳಕ್ಕೆ ಹೋದರೆ ಅವತ್ತು ಕೇರಿಯಲ್ಲಿ ತಮಟೆ ನಿಲ್ಲೋದಿಲ್ಲ. ವರ್ಷ ತುಂಬುವಷ್ಟರಲ್ಲಿ ಅದೇ ಕೇರಿಯಲ್ಲಿ ಒಂದೇ ಮಾತು ಓಡಾಡುತ್ತದೆ: "ಮಾರ್ಕೊಂಡ್ನಾ, ಇಲ್ವಾ?" ಶಾಸಕನಿರಲಿ, ನಗರಸಭೆ ಸದಸ್ಯನಿರಲಿ, ತಳದಿಂದ ಹೋದ ಜನಪ್ರತಿನಿಧಿಯನ್ನು ಅಳೆಯಲು ನಮ್ಮ ಹತ್ತಿರ ಇರುವ ಕೋಲು ಇದೊಂದೇ. ಮಾರಿಕೊಂಡರೆ ದ್ರೋಹಿ. ಮಾರಿಕೊಳ್ಳದಿದ್ದರೆ ನಾಯಕ. ಅಲ್ಲಿಗೆ ವಿಚಾರ ಮುಗಿಯಿತು.

ಈ ಕೋಲು ಸಾಕೇ ಅಂತ ನಾವು ಕೇಳಿಕೊಂಡಿಲ್ಲ. ಧಣಿಗಳ ಮುಂದೆ ತಲೆ ಬಗ್ಗಿಸದವನು ತನ್ನ ಜನದ ಮುಂದೆ ಬಗ್ಗಿಸುತ್ತಾನೆ ಎಂಬ ಗ್ಯಾರಂಟಿ ಏನು? ಕಾಸು ಮುಟ್ಟದ, ನಾಲಗೆ ಮಾರದ, ಇಡೀ ಸಭೆ ಎದುರು ನಿಂತರೂ ಒಬ್ಬನೇ ಕೈಯೆತ್ತುವ ಮನುಷ್ಯ ಕೂಡ ಜನರಿಗೆ ಸೇರಬೇಕಾದ್ದನ್ನು ತನ್ನ ಹತ್ತಿರ ಇಟ್ಟುಕೊಳ್ಳಬಹುದಲ್ಲವೇ? ಮಾರಿಕೊಂಡವರ ಕತೆ ನಮಗೆ ಬೇಕಾದಷ್ಟು ಗೊತ್ತು, ಅದನ್ನೇ ಮತ್ತೆ ಬರೆದು ಕಾಗದ ದಂಡ ಮಾಡುವುದಿಲ್ಲ. ಮಾರಿಕೊಳ್ಳದ ಒಬ್ಬರ ಕತೆಯನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆ ಕೇಳಬೇಕು. ಆ ಕತೆ ನ್ಯೂಯಾರ್ಕಿನಲ್ಲಿದೆ. ಅವರ ಹೆಸರು ಚಾರ್ಲ್ಸ್ ಬ್ಯಾರನ್.

ಅಷ್ಟು ದೂರದ ಕತೆ ನಮಗ್ಯಾಕೆ ಅನ್ನುವವರಿಗೆ ಒಂದು ಮಾತು. 1966ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಎಂಬ ಇಬ್ಬರು ಕರಿಯ ಯುವಕರು ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. 1972ರಲ್ಲಿ ಮುಂಬಯಿಯ ದಲಿತ ಯುವಕರು ಅದೇ ಹೆಸರನ್ನು ತಮ್ಮದಾಗಿಸಿಕೊಂಡು ದಲಿತ್ ಪ್ಯಾಂಥರ್ಸ್ ಕಟ್ಟಿದರು. ಆ ಬೆಂಕಿಯ ಕಾವು ಕರ್ನಾಟಕದ ಚಳವಳಿಗೂ ತಾಗಿತು. ಹಾಗಾಗಿ ಒಬ್ಬ ಮೂಲ ಪ್ಯಾಂಥರ್ ಸಭೆಯೊಳಕ್ಕೆ ಹೋಗಿ ಏನಾದರು ಅಂತ ಕೇಳುವುದು ನಮ್ಮ ವಂಶಾವಳಿಯನ್ನೇ ವಿಚಾರಿಸಿದ ಹಾಗೆ.

*

ಬ್ಯಾರನ್ ಹುಟ್ಟಿದ್ದು 1950ರಲ್ಲಿ. ಬೆಳೆದದ್ದು ಮ್ಯಾನ್‌ಹಟನ್‌ನ ಕೆಳ ಪೂರ್ವ ಭಾಗದಲ್ಲಿ, ಬಡವರಿಗೆಂದು ಸರ್ಕಾರ ಕಟ್ಟಿಸಿದ ವಠಾರಗಳಲ್ಲಿ. 1969ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಹಾರ್ಲೆಮ್‌ನ ಪ್ಯಾಂಥರ್ ಶಾಖೆ ಸೇರಿದರು. ಅದು ಎಂಥ ವರ್ಷ ಅಂತ ನೆನಪಿಡಬೇಕು. ಆ ಏಪ್ರಿಲ್‌ನಲ್ಲೇ ನ್ಯೂಯಾರ್ಕಿನ 21 ಪ್ಯಾಂಥರ್‌ಗಳ ಮೇಲೆ ಬಾಂಬ್ ಸಂಚಿನ ಕೇಸು ಹಾಕಿದ್ದರು. ಎರಡು ವರ್ಷ ಸತಾಯಿಸಿ, 1971ರ ಮೇ ತಿಂಗಳಲ್ಲಿ, ಕಟಕಟೆಯಲ್ಲಿ ನಿಂತ ಎಲ್ಲರೂ ಎಲ್ಲ ಆರೋಪಗಳಿಂದ ಖುಲಾಸೆಯಾದರು. ಒಂದು ಕೈಯಲ್ಲಿ ಕೇಸಿನ ಕಾಗದ, ಇನ್ನೊಂದು ಕೈಯಲ್ಲಿ ಹಸಿದ ಮಕ್ಕಳಿಗೆ ಬೆಳಗಿನ ತಿಂಡಿ. ಪ್ಯಾಂಥರ್‌ಗಳ ಬದುಕು ಆಗ ಹಾಗಿತ್ತು.

ಒಳಕ್ಕೆ ಹೋಗಬೇಕೋ, ಹೊರಗೇ ನಿಂತು ಬಡಿದಾಡಬೇಕೋ ಎಂಬ ಜಗಳ ಆ ಪಕ್ಷದಲ್ಲೂ ನಡೆದಿತ್ತು. 1973ರಲ್ಲಿ ಬಾಬಿ ಸೀಲ್ ಓಕ್‌ಲ್ಯಾಂಡಿನ ಮೇಯರ್ ಸ್ಥಾನಕ್ಕೆ, ಎಲೇನ್ ಬ್ರೌನ್ ನಗರ ಕೌನ್ಸಿಲಿಗೆ ನಿಂತರು. ಇಬ್ಬರೂ ಸೋತರು. 1982ರ ಹೊತ್ತಿಗೆ ಪಕ್ಷವೇ ಇಲ್ಲವಾಯಿತು. ಬ್ಯಾರನ್ ಬ್ರೂಕ್ಲಿನ್‌ನಲ್ಲಿ ರೆವರೆಂಡ್ ಹರ್ಬರ್ಟ್ ಡಾಟ್ರಿ ಅವರ ಜೊತೆ ಸೇರಿ ಪೊಲೀಸ್ ದೌರ್ಜನ್ಯದ ವಿರುದ್ಧ, ವರ್ಣಭೇದದ ವಿರುದ್ಧ ಬೀದಿಯಲ್ಲಿ ಕೆಲಸ ಮಾಡಿದರು. 1997ರಲ್ಲಿ ಕೌನ್ಸಿಲಿಗೆ ನಿಂತು ಸೋತರು. 2001ರಲ್ಲಿ ಗೆದ್ದರು. 2002ರ ಜನವರಿಯಲ್ಲಿ ಈಸ್ಟ್ ನ್ಯೂಯಾರ್ಕ್ ಎಂಬ ಬಡವರ ಭಾಗದ ಕೌನ್ಸಿಲರ್ ಆಗಿ ಸಿಟಿ ಹಾಲ್ ಹೊಕ್ಕಾಗ ಅವರಿಗೆ ಐವತ್ತೊಂದು.

ಆ ಸಭೆಯಲ್ಲಿ ಇದ್ದದ್ದೂ ಐವತ್ತೊಂದು ಕುರ್ಚಿ. ಆ ಸಂಖ್ಯೆ ಆಕಾಶದಿಂದ ಉದುರಿದ್ದಲ್ಲ. ಮೊದಲು ಮೂವತ್ತೈದೇ ಇದ್ದವು. ಜಮೀನು, ಬಜೆಟ್ಟು ಮುಂತಾದ ದೊಡ್ಡ ವಿಷಯಗಳೆಲ್ಲ ಬೋರ್ಡ್ ಆಫ್ ಎಸ್ಟಿಮೇಟ್ ಎಂಬ ಇನ್ನೊಂದು ಮಂಡಳಿಯ ಕೈಯಲ್ಲಿದ್ದವು. ಅಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ ಬ್ರೂಕ್ಲಿನ್‌ಗೆ ಎಷ್ಟು ಮತವೋ, ನಾಲ್ಕು ಲಕ್ಷವೂ ಇಲ್ಲದ, ಬಿಳಿಯರೇ ಹೆಚ್ಚಿದ್ದ ಸ್ಟೇಟನ್ ಐಲ್ಯಾಂಡಿಗೂ ಅಷ್ಟೇ. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದು ಸರಿಯಲ್ಲ ಎಂದಿತು. ಮಂಡಳಿ ಹೋಯಿತು, ಅಧಿಕಾರ ಕೌನ್ಸಿಲಿಗೆ ಬಂತು, ಕರಿಯರ ಮತ್ತು ಲ್ಯಾಟಿನೋ ಜನರ ಬಡಾವಣೆಗಳಿಗೂ ಬಾಯಿ ಸಿಗಲಿ ಎಂದು ಕುರ್ಚಿಗಳನ್ನು ಹೆಚ್ಚಿಸಿದರು. ಅದರ ಹಿಂದೆ 1965ರ ಮತದಾನದ ಹಕ್ಕಿನ ಕಾಯಿದೆ, ಆ ಕಾಯಿದೆಯ ಹಿಂದೆ ದಕ್ಷಿಣದ ರಾಜ್ಯಗಳಲ್ಲಿ ಹರಿದ ರಕ್ತ. ಬ್ಯಾರನ್ ಕೂತ ಕುರ್ಚಿಯ ಮರವನ್ನು ಬೆಳೆಸಿದವರು ಬೇರೆಯವರು, ಕಡಿದು ತಂದವರು ಬೇರೆಯವರು. ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

*

ಮೊದಲು ಅವರ ನಾಲಗೆಯ ವಿಚಾರ.

ಸಿಟಿ ಹಾಲಿನ ಕೌನ್ಸಿಲ್ ಸಭಾಂಗಣದಲ್ಲಿ ಥಾಮಸ್ ಜೆಫರ್ಸನ್‌ನ ಆಳೆತ್ತರಕ್ಕೂ ಮೀರಿದ ಪ್ರತಿಮೆ ನಿಂತಿತ್ತು. ಎಲ್ಲ ಮನುಷ್ಯರೂ ಸಮಾನರು ಅಂತ 1776ರಲ್ಲಿ ಬರೆದ ಮಹಾನುಭಾವ. ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಕರಿಯರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದವನೂ ಅವನೇ. ಆ ಪ್ರತಿಮೆಯ ಕಣ್ಣ ಕೆಳಗೆ ಕೂತು ಗುಲಾಮರ ಮೊಮ್ಮಕ್ಕಳು ಕಾನೂನು ಮಾಡಬೇಕು. ಇದನ್ನು ತೆಗೆಯಿರಿ ಅಂತ ಬ್ಯಾರನ್ ಗೆದ್ದು ಬಂದ 2001ರಲ್ಲೇ ಕೇಳಿದರು. ಜನ ನಕ್ಕರು. ಇವನಿಗೆ ಬೇರೆ ಕೆಲಸ ಇಲ್ವಾ, ಚರಂಡಿ ರಿಪೇರಿ ಮಾಡಿಸೋದು ಬಿಟ್ಟು ಗೊಂಬೆ ಮೇಲೆ ಯಾಕೆ ಕೋಪ ಎಂಬ ಧಾಟಿಯ ಮಾತುಗಳು ಬಂದವು. ಈ ಮಾತುಗಳ ರುಚಿ ನಮಗೂ ಗೊತ್ತು. ಜೈಪುರದಲ್ಲಿ ರಾಜಸ್ಥಾನ ಹೈಕೋರ್ಟಿನ ಆವರಣದಲ್ಲಿ 1989ರಲ್ಲಿ ಮನುವಿನ ವಿಗ್ರಹ ನಿಲ್ಲಿಸಿದರು. ತೆಗೆಯಬೇಕೆಂದು ಅದೇ ವರ್ಷ ನ್ಯಾಯಾಧೀಶರೇ ಸೇರಿ ನಿರ್ಣಯ ಮಾಡಿದರೂ ತಡೆಯಾಜ್ಞೆ ಬಂದು ವಿಗ್ರಹ ಅಲ್ಲೇ ಉಳಿಯಿತು. ನ್ಯಾಯ ಕೇಳಲು ಹೋಗುವ ದಲಿತ ಮನುವಿಗೆ ಮುಖ ಕೊಟ್ಟೇ ಒಳಗೆ ಹೋಗಬೇಕು. ಕಲ್ಲು ತಾನೆ, ಬಿಡಿ ಅನ್ನುವವರು ಆ ಕಲ್ಲನ್ನು ಅಲ್ಲಿ ಇಟ್ಟವರಿಗೆ ಆ ಮಾತು ಹೇಳುವುದಿಲ್ಲ.

ನ್ಯೂಯಾರ್ಕಿನ ಪ್ರತಿಮೆ ಮಾತ್ರ ಹೋಯಿತು. 2020ರಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಎಂಬ ಕರಿಯನ ಕುತ್ತಿಗೆಯ ಮೇಲೆ ಮೊಣಕಾಲೂರಿ ಕೊಂದ ಮೇಲೆ ದೇಶ ಹೊತ್ತಿ ಉರಿಯಿತು. ಆಮೇಲೆ ಕೌನ್ಸಿಲಿನ ಕರಿಯ, ಲ್ಯಾಟಿನೋ, ಏಷ್ಯನ್ ಸದಸ್ಯರ ಗುಂಪು ಆ ಬೇಡಿಕೆಯನ್ನು ಎತ್ತಿ ಹಿಡಿಯಿತು. 2021ರ ಅಕ್ಟೋಬರಿನಲ್ಲಿ ನಗರದ ವಿನ್ಯಾಸ ಆಯೋಗ ಅವಿರೋಧವಾಗಿ ಒಪ್ಪಿತು. ನವೆಂಬರಿನಲ್ಲಿ ಪ್ರತಿಮೆಯನ್ನು ಕಟ್ಟಿ ಸಾಗಿಸಿದರು. ಒಬ್ಬನೇ ಕೂಗಿದ ಮಾತು ಎಲ್ಲರ ಮಾತಾಗಲು ಇಪ್ಪತ್ತು ವರ್ಷ ಹಿಡಿಯಿತು.

ಆ ಇಪ್ಪತ್ತು ವರ್ಷ ಒಂಟಿಯಾಗಿರುವುದಕ್ಕೆ ಬೆಲೆ ಇತ್ತು. 2010ರ ಜನವರಿಯಲ್ಲಿ ಸ್ಪೀಕರ್ ಕ್ರಿಸ್ಟೀನ್ ಕ್ವಿನ್ ವಿರುದ್ಧ ಬ್ಯಾರನ್ ತಾವೇ ನಿಂತರು. ಮತ 48ಕ್ಕೆ 1. ಆ ಒಂದು ಅವರದೇ. ಸ್ವಲ್ಪ ದಿನಕ್ಕೇ ಅವರ ಕೈಯಲ್ಲಿದ್ದ ಉನ್ನತ ಶಿಕ್ಷಣ ಸಮಿತಿಯ ಅಧ್ಯಕ್ಷತೆ ಹೋಯಿತು. ಅದೇ ವರ್ಷ ಫ್ರೀಡಂ ಪಾರ್ಟಿ ಎಂಬ ಹೊಸ ಪಕ್ಷದಿಂದ ರಾಜ್ಯದ ಗವರ್ನರ್ ಹುದ್ದೆಗೆ ನಿಂತರು. ಪಕ್ಷ ಮುಂದಿನ ಮತಪತ್ರಗಳಲ್ಲಿ ಉಳಿಯಲು 50,000 ಮತ ಬೇಕಿತ್ತು. ಬಂದದ್ದು ಅದರ ಅರ್ಧದಷ್ಟು. 2012ರಲ್ಲಿ ಅಮೆರಿಕದ ಸಂಸತ್ತಿಗೆ ಹೋಗುವ ದಾರಿಯಲ್ಲಿ ಹಕೀಂ ಜೆಫ್ರೀಸ್ ಎದುರು ಸೋತರು. ಇಬ್ಬರೂ ಬ್ರೂಕ್ಲಿನ್‌ನ ಕರಿಯರೇ. ಎಲ್ಲರಿಗೂ ಒಪ್ಪುವ ಹಾಗೆ ಮಾತಾಡಬಲ್ಲ ಜೆಫ್ರೀಸ್ 2023ರಲ್ಲಿ ಅಲ್ಲಿನ ಕೆಳಮನೆಯಲ್ಲಿ ಡೆಮಾಕ್ರಟಿಕ್ ಪಕ್ಷದ ನಾಯಕರಾದರು.

ಬರೀ ಮಾತೇ ಆಯಿತಲ್ಲ, ಕೆಲಸ ಏನು ಅಂತ ಕೇಳಬಹುದು. ಕೌನ್ಸಿಲರನ ನಿಜವಾದ ಶಕ್ತಿ ಜಮೀನಿನಲ್ಲಿತ್ತು. ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನುವುದಕ್ಕೆ ಕೌನ್ಸಿಲಿನ ಒಪ್ಪಿಗೆ ಬೇಕು, ಆ ಭಾಗದ ಸದಸ್ಯ ಒಲ್ಲೆ ಅಂದರೆ ಉಳಿದವರು ಸಾಮಾನ್ಯವಾಗಿ ಅವನ ಮಾತು ಮೀರುತ್ತಿರಲಿಲ್ಲ. ಕಟ್ಟುವ ಕಂಪನಿಗಳು ಬಡವರಿಗೂ ಎಟಕುವ ಮನೆ ಅಂತ ಬೋರ್ಡು ಹಾಕುತ್ತವೆ. ಎಟಕುವುದು ಯಾರಿಗೆ? ಲೆಕ್ಕ ಹಾಕುವಾಗ ಇಡೀ ನಗರದ ಆದಾಯಕ್ಕೆ ಪಕ್ಕದ ಸ್ಥಿತಿವಂತ ಕೌಂಟಿಗಳ ಆದಾಯವನ್ನೂ ಸೇರಿಸಿ ಮಧ್ಯದ ಗೆರೆ ಎಳೆಯುತ್ತಾರೆ. ಆ ಗೆರೆ ಈಸ್ಟ್ ನ್ಯೂಯಾರ್ಕಿನ ಕೂಲಿಯವಳ ತಲೆಗಿಂತ ಎಷ್ಟೋ ಮೇಲಿರುತ್ತದೆ. ನಮ್ಮ ಬೀದಿಯ ಆದಾಯಕ್ಕೆ ತಕ್ಕ ಬಾಡಿಗೆ ಇಡಿ, ಇಲ್ಲದಿದ್ದರೆ ಜಾಗ ಇಲ್ಲ ಎಂದು ಬ್ಯಾರನ್ ಹಟ ಹಿಡಿದರು. ಸರ್ಕಾರಿ ಲೆಕ್ಕದ ಒಂದು ಗೆರೆ ಬಡವರನ್ನು ಹೇಗೆ ಊರು ಬಿಡಿಸುತ್ತದೆ ಎಂಬುದನ್ನು ಕಂಡ ಹಟ ಅದು.

ಇಷ್ಟಕ್ಕೆ ನಿಲ್ಲಿಸಿದರೆ ಬ್ಯಾರನ್ ನಾಯಕ. ನಮ್ಮ ಹಳೆಯ ಕೋಲು ಅವರನ್ನು ಅಳೆದು ಪಾಸು ಮಾಡಿಬಿಡುತ್ತದೆ.

*

ಈಗ ಕುರ್ಚಿಯ ವಿಚಾರ.

ನ್ಯೂಯಾರ್ಕಿನಲ್ಲಿ ಕೌನ್ಸಿಲರ್ ಎರಡು ಅವಧಿಗಿಂತ ಹೆಚ್ಚು ಇರಕೂಡದು ಎಂದು 1993ರಲ್ಲಿ, ಮತ್ತೆ 1996ರಲ್ಲಿ ಜನ ನೇರ ಮತದಿಂದ ತೀರ್ಮಾನಿಸಿದ್ದರು. 2008ರಲ್ಲಿ ಮೇಯರ್ ಬ್ಲೂಮ್‌ಬರ್ಗ್‌ಗೆ ಮೂರನೆಯ ಸಲ ಆಳುವ ಆಸೆ ಹುಟ್ಟಿತು. ಜನರನ್ನು ಕೇಳದೆ ಕೌನ್ಸಿಲಿನಲ್ಲೇ 29ಕ್ಕೆ 22 ಮತದಿಂದ ಅವಧಿಯನ್ನು ಮೂರಕ್ಕೆ ಏರಿಸಿಕೊಂಡರು. ಇದರ ವಿರುದ್ಧ ಕೋರ್ಟಿಗೆ ಹೋದವರಲ್ಲಿ ಬ್ಯಾರನ್ ಒಬ್ಬರು. ಕೇಸು ಸೋತಿತು. 2009ರಲ್ಲಿ ಅದೇ ಮೂರನೆಯ ಅವಧಿಗೆ ಬ್ಯಾರನ್ ಕೂಡ ನಿಂತು ಗೆದ್ದರು.

ಅವರ ಹೆಂಡತಿ ಇನೆಜ್ ಬ್ಯಾರನ್. ದಶಕಗಳ ಕಾಲ ಶಾಲೆಯಲ್ಲಿ ಪಾಠ ಮಾಡಿ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಅದೇ ಭಾಗದ ರಾಜ್ಯ ಅಸೆಂಬ್ಲಿ ಸದಸ್ಯೆ 2008ರಲ್ಲಿ ಲಂಚದ ಕೇಸಿನಲ್ಲಿ ಅಪರಾಧಿಯೆಂದು ತೀರ್ಪಾಗಿ ಸ್ಥಾನ ಕಳೆದುಕೊಂಡರು. ಆ ಜಾಗಕ್ಕೆ ಆ ವರ್ಷ ಇನೆಜ್ ಗೆದ್ದು ಆಲ್ಬನಿಗೆ ಹೋದರು. ಮಾರಿಕೊಂಡವರು ಹೋಗಿ ಮಾರಿಕೊಳ್ಳದವರು ಬಂದರು. ಒಳ್ಳೆಯದೇ ಆಯಿತು. 2013ರಲ್ಲಿ ಗಂಡನ ಮೂರು ಅವಧಿ ಮುಗಿಯಿತು. ಗಂಡ ಬಿಟ್ಟ ಕೌನ್ಸಿಲ್ ಸ್ಥಾನಕ್ಕೆ ಹೆಂಡತಿ ನಿಂತು ಗೆದ್ದರು. ಹೆಂಡತಿ ಬಿಟ್ಟ ಅಸೆಂಬ್ಲಿ ಸ್ಥಾನಕ್ಕೆ 2014ರಲ್ಲಿ ಗಂಡ ನಿಂತು ಗೆದ್ದರು. 2021ರಲ್ಲಿ ಹೆಂಡತಿಯ ಅವಧಿ ಮುಗಿಯಿತು. ಗಂಡ ಅಸೆಂಬ್ಲಿ ಬಿಟ್ಟು ಮತ್ತೆ ಕೌನ್ಸಿಲಿಗೆ ನಿಂತು ಗೆದ್ದರು. ಹೀಗೆ ಇಪ್ಪತ್ತೊಂದು, ಇಪ್ಪತ್ತೆರಡು ವರ್ಷ ಆ ಕೌನ್ಸಿಲ್ ಕುರ್ಚಿ ಒಂದೇ ಮನೆಯಲ್ಲಿತ್ತು. ಅದರಲ್ಲಿ ಹದಿಮೂರು ವರ್ಷ ಅಸೆಂಬ್ಲಿ ಕುರ್ಚಿಯೂ ಹೆಚ್ಚುಕಡಿಮೆ ಅದೇ ಮನೆಯಲ್ಲಿತ್ತು.

ಇಲ್ಲಿ ಮೂರು ಆಕ್ಷೇಪ ಬರುತ್ತವೆ, ಮೂರಕ್ಕೂ ಉತ್ತರ ಕೊಡಬೇಕು.

ಒಂದು: "ಕದ್ದು ಕೂತರೇನ್ರೀ? ಜನ ವೋಟು ಹಾಕಿದ್ರು, ಗೆದ್ರು." ನಿಜ. ಪ್ರತಿ ಸಲವೂ ಚುನಾವಣೆ ನಡೆಯಿತು. ಕಾನೂನಿನ ಪ್ರಕಾರ ತಪ್ಪಿಲ್ಲ. ಆದರೆ ಕಾನೂನು ಎಲ್ಲಿ ಮುಗಿಯುತ್ತದೋ ಅಲ್ಲಿಂದ ನೀತಿಯ ಪ್ರಶ್ನೆ ಶುರುವಾಗುತ್ತದೆ. ಒಬ್ಬರೇ ಬಹಳ ಕಾಲ ಕೂರಬಾರದು ಅಂತ ಜನ ಅವಧಿ ಹಾಕಿದ್ದರ ಅರ್ಥ ಏನು? ಕುರ್ಚಿ ಕೈಯಿಂದ ಕೈಗೆ ಹೋಗಲಿ ಅಂತ. ಊಟದ ಮೇಜಿನ ಈ ಕಡೆಯಿಂದ ಆ ಕಡೆಗೆ ಹೋಗಲಿ ಅಂತಲ್ಲ.

ಎರಡು: "ಇನೆಜ್ ಸ್ವತಂತ್ರ ಹೆಣ್ಣು, ಅವಳನ್ನು ಗಂಡನ ನೆರಳು ಅನ್ನುತ್ತೀಯಾ?" ಅನ್ನುವುದಿಲ್ಲ. ಮೀಸಲಾತಿಯಲ್ಲಿ ಗೆದ್ದ ಹೆಂಡತಿಯನ್ನು ಮನೆಯಲ್ಲಿ ಕೂರಿಸಿ ಗಂಡ ಪಂಚಾಯ್ತಿ ನಡೆಸುವ ನಮ್ಮ ಊರುಗಳ ಚಾಳಿಗೂ ಇದಕ್ಕೂ ಹೋಲಿಕೆಯಿಲ್ಲ. ಆಕೆ ತಾನೇ ಮಾತಾಡಿದವರು, ತಾನೇ ವಿರೋಧ ಮತ ಹಾಕಿದವರು. ಆಕೆ ಬೇರೆ ಯಾವ ಮನೆಯಲ್ಲಿದ್ದರೂ ಆ ಕುರ್ಚಿಗೆ ಯೋಗ್ಯರೇ. ನನ್ನ ಪ್ರಶ್ನೆ ಆಕೆಯ ಯೋಗ್ಯತೆಯ ಬಗ್ಗೆ ಅಲ್ಲ. ಲಕ್ಷಕ್ಕೂ ಮೀರಿ ಜನರಿರುವ ಬಡಾವಣೆಯಲ್ಲಿ ಯೋಗ್ಯತೆ ಆ ಒಂದು ಹೊಸ್ತಿಲಿನ ಒಳಗೇ ಇತ್ತೇ ಎಂಬುದು ಪ್ರಶ್ನೆ.

ಮೂರನೆಯದು ಗಟ್ಟಿ ಆಕ್ಷೇಪ: "ಧಣಿಗಳ ಮಕ್ಕಳು ಮೊಮ್ಮಕ್ಕಳು ಮೂರು ತಲೆಮಾರು ಕೂತರೆ ಯಾರೂ ಕೇಳಲ್ಲ. ನಮ್ಮವನು ಇಪ್ಪತ್ತು ವರ್ಷ ಕೂತ ತಕ್ಷಣ ನೀತಿ ಪಾಠ ಶುರು ಮಾಡ್ತೀರಿ." ಈ ಸಿಟ್ಟು ನ್ಯಾಯವಾದದ್ದು. ತುಳಿಸಿಕೊಂಡವನು ಮಾತ್ರ ಸಂತನಾಗಿರಬೇಕು ಎಂಬುದು ತುಳಿದವನು ಹಾಕಿದ ನಿಯಮ. ಅದನ್ನು ನಾನು ಒಪ್ಪುವುದಿಲ್ಲ. ಆದರೆ ಕುರ್ಚಿ ಕೈಯಿಂದ ಕೈಗೆ ಹೋಗಬೇಕು ಅನ್ನುವುದು ನಮ್ಮ ಬದುಕಿನ ಲೆಕ್ಕ. ಧಣಿ ಚುನಾವಣೆ ಸೋತರೂ ಅವನ ಜಮೀನು ಉಳಿಯುತ್ತದೆ, ಬ್ಯಾಂಕು ಉಳಿಯುತ್ತದೆ, ಪತ್ರಿಕೆ ಉಳಿಯುತ್ತದೆ, ಮಠ ಉಳಿಯುತ್ತದೆ. ನಮಗೆ ಹಾಗೆ ಉಳಿಯುವುದು ಯಾವುದು? ಮುಂದೆ ನಡೆಯಲು ಕಲಿತ ಇನ್ನೊಂದು ಜೊತೆ ಕಾಲು, ಅಷ್ಟೆ. ಆ ಕಾಲನ್ನು ಬೆಳೆಸದೆ ಹೋದರೆ ನಾಯಕನ ಜೊತೆಗೆ ಚಳವಳಿಯೂ ಮಣ್ಣಾಗುತ್ತದೆ.

ನ್ಯೂಯಾರ್ಕಿನಲ್ಲಿ ಇದು ಕಣ್ಣೆದುರೇ ನಡೆಯಿತು. ಆಪರೇಷನ್ ಪವರ್ ಎಂಬ ಅವರ ಸಂಘಟನೆಯಲ್ಲಿ ಹುಡುಗರು ಇರಲಿಲ್ಲ ಎಂದಲ್ಲ. ಇದ್ದರು. ಬ್ಯಾರನ್ ಕೌನ್ಸಿಲಿಗೆ ಮರಳಿದ ಮೇಲೆ ಖಾಲಿಯಾದ ಅಸೆಂಬ್ಲಿ ಸ್ಥಾನಕ್ಕೆ 2022ರಲ್ಲಿ ಅವರಲ್ಲೊಬ್ಬರನ್ನು ನಿಲ್ಲಿಸಿದರು. ಸೋತರು. ಇಪ್ಪತ್ತು ವರ್ಷ ಎರಡೇ ಮುಖ ಕಂಡ ಜನಕ್ಕೆ ಮೂರನೆಯ ಮುಖ ಗುರುತು ಸಿಗಲಿಲ್ಲ. 2023ರ ಜೂನ್‌ನಲ್ಲಿ ಪಕ್ಷದ ಒಳಚುನಾವಣೆಯಲ್ಲಿ ಬ್ಯಾರನ್ ಕೂಡ ಕ್ರಿಸ್ ಬ್ಯಾಂಕ್ಸ್ ಎಂಬ ಅದೇ ಬಡಾವಣೆಯ ಕರಿಯ ಕಾರ್ಯಕರ್ತನ ಎದುರು ಸೋತರು. ಸೋಲಿಸಿದ್ದು ಬಿಳಿಯರ ವಾಲ್ ಸ್ಟ್ರೀಟಲ್ಲ. ಅವರ ಬೀದಿಯ ವೋಟುಗಳೇ.

*

ಮಾರಿಕೊಳ್ಳದವನು ಈ ತಪ್ಪಿಗೆ ಹೇಗೆ ಬೀಳುತ್ತಾನೆ? ಇದಕ್ಕೆ ಉತ್ತರ ಬ್ಯಾರನ್ ಅವರ ಮೊದಲ ವರ್ಷದಲ್ಲೇ ಸಿಗುತ್ತದೆ ಅಂತ ನನಗೆ ಕಾಣುತ್ತದೆ.

2002ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಗೆ ಬಂದಿದ್ದ ಜಿಂಬಾಬ್ವೆಯ ಅಧ್ಯಕ್ಷ ರಾಬರ್ಟ್ ಮುಗಾಬೆಯನ್ನು ಬ್ಯಾರನ್ ಸಿಟಿ ಹಾಲಿಗೆ ಕರೆಸಿ ಸನ್ಮಾನಿಸಿದರು. ಮುಗಾಬೆ ಬಿಳಿಯರ ಆಳ್ವಿಕೆಯ ವಿರುದ್ಧ ಹೋರಾಡಿ ಹತ್ತು ವರ್ಷ ಜೈಲಿನಲ್ಲಿದ್ದವನು. ಬಿಳಿಯರು ಕಿತ್ತುಕೊಂಡಿದ್ದ ಜಮೀನನ್ನು ಕರಿಯರಿಗೆ ಮರಳಿಸುತ್ತೇನೆ ಎಂದವನು. ಜಮೀನಿಲ್ಲದ ಜಾತಿಯಲ್ಲಿ ಹುಟ್ಟಿದ ನಮಗೆ ಆ ಮಾತು ಎದೆಗೆ ನಾಟುತ್ತದೆ. ಸರಿ. ಆದರೆ ಇದೇ ಮುಗಾಬೆಯ ಸೈನ್ಯ 1983ರಿಂದ 1987ರವರೆಗೆ ಮಾಟಬೆಲೆಲ್ಯಾಂಡಿನಲ್ಲಿ ಸಾವಿರಾರು ಎನ್‌ಡೆಬೆಲೆ ಜನರನ್ನು ಕೊಂದಿತ್ತು. ಸತ್ತವರೂ ಕರಿಯರು. ಬಡ ರೈತರು. ಅವರ ಹೆಸರನ್ನು ಆ ದಿನ ಸಿಟಿ ಹಾಲಿನಲ್ಲಿ ಯಾರು ಹಿಡಿಯಬೇಕಿತ್ತು? ಅವರ ಪರವಾಗಿ ಕೈಯೆತ್ತಲು 48ಕ್ಕೆ 1 ಆಗಬಲ್ಲಂಥವರೇ ಬೇಕಿತ್ತು.

ಬ್ಯಾರನ್ ಕೊಲೆಗಡುಕನ ಜೊತೆ ಕೂತ ಕೊಲೆಗಡುಕ ಅಂತ ಆಗ ಕೂಗಿದ ಬಿಳಿಯ ಪತ್ರಿಕೆಗಳ ಜೊತೆ ನಾನು ಸೇರುವುದಿಲ್ಲ. ತಮ್ಮ ಸರ್ಕಾರಗಳು ಎಷ್ಟು ಸರ್ವಾಧಿಕಾರಿಗಳ ಕೈಕುಲುಕಿವೆ ಅಂತ ಆ ಪತ್ರಿಕೆಗಳು ಲೆಕ್ಕ ಇಟ್ಟಿಲ್ಲ. ನಾನು ನೋಡುತ್ತಿರುವುದು ಬೇರೆ. ವೈರಿಗೆ ಎದುರು ನಿಂತವನು ಅಷ್ಟರಿಂದಲೇ ಶುದ್ಧನಾದ ಎಂಬ ಭಾವನೆ ಇದೆಯಲ್ಲ, ಅದನ್ನು. ಬಿಡುಗಡೆ ಮಾಡಿಸಿದವನು ನಾನೇ, ಆದ್ದರಿಂದ ಬಿಡುಗಡೆಯಾದದ್ದು ನನ್ನದು. ಮುಗಾಬೆ ಹಾಗೆ ನಂಬಿದ. 1980ರಿಂದ 37 ವರ್ಷ ಇಳಿಯಲಿಲ್ಲ. 2017ರಲ್ಲಿ ಹೆಂಡತಿ ಗ್ರೇಸ್‌ಗೆ ದಾರಿ ಮಾಡಲು ಉಪಾಧ್ಯಕ್ಷನನ್ನು ಕಿತ್ತುಹಾಕಿದಾಗ ಸೈನ್ಯವೇ ಅವನನ್ನು ಇಳಿಸಿತು. ದೇಶವನ್ನು ಹಿಡಿದಿಟ್ಟುಕೊಂಡವನಿಗೂ ವೋಟಿನಿಂದ ಗೆದ್ದು ವೋಟಿನಿಂದ ಸೋತು ಮನೆಗೆ ಹೋದ ಒಬ್ಬ ಕೌನ್ಸಿಲರ್‌ಗೂ ಅಳತೆಯಲ್ಲಿ ಆನೆ ಇರುವೆಯ ವ್ಯತ್ಯಾಸ. ಒಬ್ಬನ ಕೈಯಲ್ಲಿ ರಕ್ತ, ಇನ್ನೊಬ್ಬರ ಕೈಯಲ್ಲಿ ಇಲ್ಲ. ಆದರೆ ಒಳಗಿನ ತರ್ಕದ ಬೀಜ ಒಂದೇ ಜಾತಿಯದು: ನಾನು ಮಾರಿಕೊಂಡಿಲ್ಲ, ಆದ್ದರಿಂದ ಇದು ನನ್ನ ಹತ್ತಿರ ಇದ್ದರೇ ಕ್ಷೇಮ.

ಪ್ರಾಮಾಣಿಕನಿಗೆ ಮಾತ್ರ ಬರುವ ರೋಗ ಇದು. ಕಳ್ಳನಿಗೆ ಬರುವುದಿಲ್ಲ. ಕಳ್ಳನಿಗೆ ತಾನು ಕಳ್ಳ ಅಂತ ಗೊತ್ತು, ಅವನು ಕತ್ತಲಲ್ಲಿ ಕದಿಯುತ್ತಾನೆ. ಪ್ರಾಮಾಣಿಕ ಹಗಲಿನಲ್ಲೇ, ಎಲ್ಲರ ಎದುರೇ, ಜನರ ಒಳ್ಳೆಯದಕ್ಕೇ ಇಟ್ಟುಕೊಳ್ಳುತ್ತಾನೆ.

*

ನಮ್ಮ ಕಡೆಗೆ ತಿರುಗುವ ಮುಂಚೆ ಒಂದು ವ್ಯತ್ಯಾಸ ಹೇಳದಿದ್ದರೆ ಅನ್ಯಾಯವಾಗುತ್ತದೆ. ಬ್ಯಾರನ್ ಅಷ್ಟು ನಿರ್ಭಯವಾಗಿ ಮಾತಾಡಿದ್ದರಲ್ಲಿ ಅವರ ಗುಂಡಿಗೆಯ ಪಾಲು ಇದೆ, ಕ್ಷೇತ್ರದ ಲೆಕ್ಕದ ಪಾಲೂ ಇದೆ. ಅವರ ಕ್ಷೇತ್ರದಲ್ಲಿ ಕರಿಯರೇ ಹೆಚ್ಚು. ಬಿಳಿಯರು ಸಿಟ್ಟಾದರೂ ಕುರ್ಚಿ ಅಲುಗುತ್ತಿರಲಿಲ್ಲ. ನಮ್ಮ ಮೀಸಲು ಕ್ಷೇತ್ರಗಳಲ್ಲಿ ನಿಲ್ಲುವವನು ದಲಿತ, ಗೆಲ್ಲಿಸುವವರು ಹೆಚ್ಚಿನ ಕಡೆ ದಲಿತೇತರರು. 1932ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದ ಪ್ರತ್ಯೇಕ ಮತದ ಹಕ್ಕನ್ನು ಕಿತ್ತುಕೊಂಡು ಜಂಟಿ ಮತಕ್ಷೇತ್ರ ಕೊಟ್ಟಾಗಲೇ ಇದು ತೀರ್ಮಾನವಾಯಿತು. ಸ್ವತಃ ಬಾಬಾಸಾಹೇಬರು 1952ರಲ್ಲಿ ಮುಂಬಯಿಯಲ್ಲಿ, 1954ರಲ್ಲಿ ಭಂಡಾರಾದಲ್ಲಿ ಲೋಕಸಭೆ ಚುನಾವಣೆ ಸೋತರು. ಸಂವಿಧಾನ ಬರೆದ ನಾಲಗೆಗೇ ಅಷ್ಟು ದಂಡ ಬಿದ್ದರೆ ಉಳಿದವರ ಪಾಡೇನು?

ಅಂಥ ಕ್ಷೇತ್ರಗಳಿಂದ ಬಂದೂ ನಾಲಗೆ ಬಿಚ್ಚಿದವರನ್ನು ನಾವು ಕಂಡಿದ್ದೇವೆ. ಬಿ. ಬಸವಲಿಂಗಪ್ಪನವರು ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿ ಮಲದ ಬಕೆಟ್ಟು ತಲೆಯ ಮೇಲೆ ಹೊರುವುದನ್ನು ನಿಷೇಧಿಸಿದರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ರಾಜ್ಯ ಹೊತ್ತಿತು, ದಲಿತ ವಿದ್ಯಾರ್ಥಿಗಳು ಹೊಡೆತ ತಿಂದರು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಕುರ್ಚಿ ಹೋಯಿತು. ಆದರೆ ಆ ಒಂದು ಮಾತಿನ ಕಿಚ್ಚಿನಲ್ಲಿ ನೂರಾರು ಹುಡುಗರು ಎದ್ದು ನಿಂತರು, ದಲಿತ ಸಂಘರ್ಷ ಸಮಿತಿಗೆ ನೆಲ ಹದವಾಯಿತು. ಕುರ್ಚಿಯಲ್ಲಿ ಕೂತ ವರ್ಷಗಳನ್ನು ಎಣಿಸಿದರೆ ಬಸವಲಿಂಗಪ್ಪನವರಿಗೆ ಆ ಸಲ ಸಿಕ್ಕದ್ದು ಎರಡು ವರ್ಷವೂ ಇಲ್ಲ. ಎದ್ದು ನಿಂತ ಕಾಲುಗಳನ್ನು ಎಣಿಸಿದರೆ ಲೆಕ್ಕ ಬೇರೆ.

ಇನ್ನೊಂದು ಕಡೆ ನಮ್ಮ ಪ್ಯಾಂಥರ್‌ಗಳ ಗತಿ. 1974ರ ಜನವರಿಯಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್‌ಗಳಿಗೂ ಶಿವಸೇನೆಯವರಿಗೂ ಘರ್ಷಣೆಯಾಗಿ ಭಾಗವತ್ ಜಾಧವ್ ಎಂಬ ಪ್ಯಾಂಥರ್ ಸತ್ತ. ಅದೇ ವರ್ಷ ನಾಯಕರು ನಾನು ನೀನು ಅಂತ ಜಗಳವಾಡಿ ಸಂಘಟನೆ ಒಡೆಯಿತು. ಆ ಪರಂಪರೆಯಿಂದ ಬಂದ ರಾಮದಾಸ್ ಅಠಾವಳೆಯವರು 2011ರಲ್ಲಿ ಅದೇ ಶಿವಸೇನೆ ಮತ್ತು ಬಿಜೆಪಿಯ ಜೊತೆ ಕೈಜೋಡಿಸಿ 2016ರಲ್ಲಿ ಕೇಂದ್ರದ ರಾಜ್ಯ ಸಚಿವರಾದರು. ಇದನ್ನು ಮಾರಾಟ ಅನ್ನಿ, ತಂತ್ರ ಅನ್ನಿ, ಅದು ಹಳೆಯ ಕೋಲಿನ ಅಳತೆ. ನಾನು ಕೇಳುವುದು: ಒಂದು ಇಡೀ ಪೀಳಿಗೆಯ ಕಿಚ್ಚು ನಾಲ್ಕೈದು ಹೆಸರುಗಳಿಗೆ ಇಳಿದದ್ದು ಹೇಗೆ? ಆ ಹೆಸರುಗಳು ಎಲ್ಲಿಗೆ ಹೋದರೆ ಚಳವಳಿಯೂ ಅಲ್ಲಿಗೆ ಹೋದ ಹಾಗೆ ಕಾಣುವುದು ಯಾಕೆ? ಕುರ್ಚಿಯನ್ನು ಮನುಷ್ಯನಿಗೆ ಬರೆದುಕೊಟ್ಟದ್ದು ನಾವೇ. "ಅಣ್ಣಾ, ನೀನೇ ನಿಲ್ಲು" ಅಂತ ಕೈಮುಗಿದವರು ನಾವೇ.

*

ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಅನ್ನುವ ಗಾದೆ ಇದೆ. ನಮ್ಮ ಜನಪ್ರತಿನಿಧಿಗಳಿಗೆ ಈ ಗಾದೆಯನ್ನು ಯಾವಾಗಲೂ ಪಕ್ಷದ ಮುಖಂಡರು ಹೇಳುತ್ತಾರೆ: ಟಿಕೆಟ್ ಕೊಟ್ಟೋರು ನಾವು, ನಮ್ಮ ಉಪ್ಪು ತಿಂದಿದ್ದೀಯ. ಬಂಡಾಯಗಾರ ಇದನ್ನು ಧಿಕ್ಕರಿಸಿ ಹೇಳುತ್ತಾನೆ: ನಾನು ಯಾರ ಉಪ್ಪೂ ತಿಂದಿಲ್ಲ. ಎರಡೂ ಸುಳ್ಳು. ಉಪ್ಪು ಕೇರಿಯದು. ಬ್ರೂಕ್ಲಿನ್‌ನಲ್ಲಿ ಅದು ಮತದ ಹಕ್ಕಿಗಾಗಿ ಏಟು ತಿಂದವರ ಉಪ್ಪು. ಇಲ್ಲಿ ಮಹಾಡದ ಕೆರೆ ನೀರು ಮುಟ್ಟಿ ತಲೆ ಒಡೆಸಿಕೊಂಡವರ ಉಪ್ಪು. ಕುರ್ಚಿಯಲ್ಲಿ ಕೂತವನು, ಅವನು ಎಷ್ಟೇ ಪ್ರಾಮಾಣಿಕನಾಗಿರಲಿ, ಅದನ್ನು ಕೈಗಡ ತಂದವನು. ಕೈಗಡ ತಂದ ಸಾಮಾನನ್ನು ಚೆನ್ನಾಗಿ ಇಟ್ಟುಕೊಂಡೆ ಅಂತ ಯಾರೂ ತನ್ನದು ಮಾಡಿಕೊಳ್ಳಲು ಆಗುವುದಿಲ್ಲ.

ಹಾಗಾದರೆ ನಮ್ಮ ಕೋಲನ್ನು ಬದಲಾಯಿಸಬೇಕು. ಮಾರಿಕೊಂಡನೋ ಇಲ್ಲವೋ ಅಂತ ಕೇಳಲೇಬೇಕು, ಅದು ಮೊದಲ ಪ್ರಶ್ನೆ. ಎರಡನೆಯದು: ವೈರಿಗೆ ಹೇಳುವಷ್ಟೇ ಗಟ್ಟಿಯಾಗಿ ನಮ್ಮವರೊಳಗಿನ ಅನ್ಯಾಯಕ್ಕೂ ಇಲ್ಲ ಅಂದನೋ? ನಮ್ಮಲ್ಲೇ ಕೆಳಗಿನವರನ್ನು, ನಮ್ಮ ಮನೆಯ ಹೆಂಗಸರನ್ನು ಯಾರು ತುಳಿದರೂ ಬಾಯಿ ಬಿಟ್ಟನೋ? ಮೂರನೆಯದು: ಇವನು ಏಳುವ ದಿನ ಕೂರಲು ಎಷ್ಟು ಜನ ತಯಾರಾಗಿದ್ದಾರೆ, ಅವರಲ್ಲಿ ಇವನ ರಕ್ತಸಂಬಂಧವಿಲ್ಲದವರು ಎಷ್ಟು? ಈ ಮೂರನೆಯ ಪ್ರಶ್ನೆಯನ್ನು ಗೆದ್ದ ದಿನವೇ, ತಮಟೆ ಬಡಿಯುತ್ತಿರುವಾಗಲೇ ಕೇಳಬೇಕು. ಸೋತ ಮೇಲೆ ಕೇಳಿದರೆ ಅದು ಬರೀ ಹೊಟ್ಟೆಯುರಿ.

ಚಾರ್ಲ್ಸ್ ಬ್ಯಾರನ್ ಮೊದಲ ಪ್ರಶ್ನೆಗೆ ಎದೆ ತಟ್ಟಿ ಉತ್ತರ ಹೇಳಬಲ್ಲರು. ಅಷ್ಟು ಹೇಳಬಲ್ಲವರು ನಮ್ಮಲ್ಲೂ ಹೆಚ್ಚಿಲ್ಲ, ಆದ್ದರಿಂದ ಅವರ ಮೇಲೆ ನನಗಿರುವ ಗೌರವ ಈ ಬರಹದಿಂದ ಕಡಿಮೆಯಾಗಿಲ್ಲ. 2022ರ ಜನವರಿಯಲ್ಲಿ ಅವರು ಆ ಸಭಾಂಗಣಕ್ಕೆ ಮರಳಿದಾಗ ಜೆಫರ್ಸನ್ ಅಲ್ಲಿರಲಿಲ್ಲ. ಎರಡು ವರ್ಷ ಕಳೆದು ಅವರೂ ಅಲ್ಲಿರಲಿಲ್ಲ. ಪ್ರತಿಮೆ ಹೋದ ಆ ಜಾಗದಲ್ಲಿ ಈಗ ಕೂತು ಮಾತಾಡುವ ಕರಿಯ ಹೆಣ್ಣುಮಗಳಿಗೆ ಬ್ಯಾರನ್ ಯಾರು ಅಂತ ಗೊತ್ತಿರಬಹುದು, ಇಲ್ಲದಿರಬಹುದು. ಅವಳ ತಲೆಯ ಮೇಲೆ ಗುಲಾಮರ ಒಡೆಯನ ನೆರಳಿಲ್ಲ. ಒಬ್ಬ ಜನಪ್ರತಿನಿಧಿ ಬಿಟ್ಟುಹೋಗಬಹುದಾದ ಆಸ್ತಿ ಅದು. ಅದನ್ನು ಯಾರ ಮನೆಗೂ ಹೊತ್ತುಕೊಂಡು ಹೋಗಲು ಬರುವುದಿಲ್ಲ.